ಅಲ್ಲಾಡಬೇಡಿ, ಬರ್ಕೋತಾ ಇದೀನಿ

ಪೆನ್ಸಿಲ್ ಹಿಡಿದು ಕಂಡವರ ಮುಖ ನೋಡುತ್ತಾ ಊರೂರು ಸುತ್ತುವವನಿಗೆ ಮಾನ ಮರ್ಯಾದೆ ಬಹಳ ದಿನ ಉಳಿಯುವುದಿಲ್ಲ. ನನ್ನದು ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಕಂತು ಕಂತಾಗಿ ಹೋಯಿತು.

ತೊಂಬತ್ತರ ದಶಕದ ಮಾತು. ನಾನು ಕೋಲಾರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ದೊಡ್ಡವರಾದ ಮೇಲೆ ಅಕ್ಷರ ಕಲಿಯುವವರಿಗಾಗಿ ಒಂದು ಪುಸ್ತಕ ಬರುವುದಿತ್ತು. ಅದಕ್ಕೆ ಚಿತ್ರ ಬರೆಯುವ ಕೆಲಸ ನನಗೆ ಸಿಕ್ಕಿತು. ಪುಸ್ತಕದಲ್ಲಿ ನನ್ನ ಹೆಸರು ಅಚ್ಚಾಗುತ್ತದೆಂಬ ಖುಷಿಗೆ ಒಂದೇ ವಾರದಲ್ಲಿ ಇಪ್ಪತ್ತು ಚಿತ್ರ ಬರೆದು ಸಂಪಾದಕಿಯಮ್ಮನ ಮುಂದಿಟ್ಟೆ. ಅವರು ಮೊದಲನೆಯದನ್ನೇ ಎತ್ತಿ ಹಿಡಿದರು. ಹೆಂಗಸೊಬ್ಬಳು ಮುದ್ದೆ ಮಾಡುತ್ತಿರುವ ಚಿತ್ರ.

“ಏನ್ ಮೇಷ್ಟ್ರೇ, ಮುದ್ದೇನ ಸೌಟಲ್ಲಿ ತಿರುವ್ತಾರಾ? ಇದೇನು ಪಾಯಸಾನಾ?”

ನಮ್ಮದು ಮುಳಬಾಗಿಲಿನ ಪುರೋಹಿತರ ಮನೆ. ಎರಡು ಹೊತ್ತೂ ಅನ್ನ ಸಾರು. ಮುದ್ದೆಗೆ ಬೇರೆ ಕೋಲೇ ಇದೆ, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಎರಡೂ ಕೈಯಲ್ಲಿ ತಿರುವಬೇಕು ಎಂಬುದನ್ನು ನಾನು ಕಂಡವನೇ ಅಲ್ಲ. ತಲೆ ತಗ್ಗಿಸಿ ನಿಂತೆ.

“ನೋಡದೇ ಬರೆದಿದೀರಿ. ಊರುಗಳಿಗೆ ಹೋಗಿ, ಜನ ಕೂರೋದು, ಏಳೋದು, ಕೆಲಸ ಮಾಡೋದು ನೋಡ್ಕೊಂಡು ಇನ್ನೂರು ಚಿತ್ರ ಬರೀರಿ. ಆಮೇಲೆ ಪುಸ್ತಕ. ಆಗಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವ್ರಿಗೆ ಕೊಡ್ತೀನಿ.”

ಹೆಸರು ಅಚ್ಚಾಗುವ ಆಸೆ ಕೆಟ್ಟದ್ದು. ಖಾಲಿ ಹಾಳೆಯ ಒಂದು ಡ್ರಾಯಿಂಗ್ ಪುಸ್ತಕ, ನಾಲ್ಕು ಪೆನ್ಸಿಲ್ ಕೊಂಡು ಹೊರಟೆ.

ಒಂದು ಕೈ ಬಾಕಿ

ಮೊದಲ ಭಾನುವಾರ ಕೋಲಾರದ ಬಸ್‌ಸ್ಟ್ಯಾಂಡ್. ಟೊಮೇಟೊ ಮಾರಿ ಬಂದ ಒಬ್ಬ ರೈತ ಖಾಲಿ ಬುಟ್ಟಿಗೆ ತಲೆ ಕೊಟ್ಟು ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಿದ್ದ. ಮಲಗುವ ಮುಂಚೆ ನನಗೆ, “ಸುಗಟೂರು ಬಸ್ ಬಂದ್ರೆ ಒಂದ್ ಕೂಗ್ ಹಾಕಿ ಸಾರ್” ಎಂದಿದ್ದ. ಆಗಲಿ ಎಂದಿದ್ದೆ.

ಅಷ್ಟು ಚೆನ್ನಾಗಿ ಮಲಗುವ ಮನುಷ್ಯ ಮತ್ತೆ ಸಿಗುವುದಿಲ್ಲ ಎಂದು ಬರೆಯಲು ಕೂತೆ. ತಲೆಯಾಯಿತು, ಪಂಚೆಯಾಯಿತು, ಬಲಗೈ ಆಯಿತು. ಸುಗಟೂರು ಬಸ್ ಬಂತು. ಎಬ್ಬಿಸಿದರೆ ಎಡಗೈ ಹೋಗುತ್ತದೆ. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಬಗ್ಗಿ ಹೆಬ್ಬೆರಳನ್ನು ತಿದ್ದುತ್ತಿದ್ದೆ. ಬಸ್ ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ. “ಬಸ್ ಬಂತಾ ಸಾರ್?”

“ಬಂದು ಹೋಯ್ತು.”

“ಯಾಕ್ ಎಬ್ಬಿಸ್ಲಿಲ್ಲ?”

ಸುಳ್ಳು ಹೊಳೆಯಲಿಲ್ಲ. “ಒಂದು ಕೈ ಬಾಕಿ ಇತ್ತು” ಎಂದು ಚಿತ್ರ ತೋರಿಸಿದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಹೇಳಿದ: “ಚೆನ್ನಾಗೇ ಮಲಗಿದೀನಿ. ಮುಂದಿನ ಬಸ್ಸು ಎರಡೂವರೆಗೆ. ಇನ್ನೊಂದ್ ಮಗ್ಗುಲಲ್ಲಿ ಮಲಗ್ಲಾ?”

ಅಜ್ಜಿಯ ಹೆಬ್ಬೆರಳು

ಮಾಲೂರಿನಲ್ಲಿ, ಅವರೆಕಾಯಿ ಕಾಲ. ಒಂದು ಮನೆಯ ಜಗಲಿಯ ಮೇಲೆ ಅಜ್ಜಿ, ಮೊಮ್ಮಗಳು ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಅಜ್ಜಿ ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಆ ಹೆಬ್ಬೆರಳು ನನಗೆ ಬೇಕಾಗಿತ್ತು. ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಮುಕ್ಕಾಲು ಗಂಟೆ ಕಣ್ಣು ಕೀಳದೆ ನೋಡಿದೆ.

ಮನೆಯ ಯಜಮಾನರು ಬಂದು ಹೆಗಲ ಮೇಲೆ ಕೈಯಿಟ್ಟರು. “ನಾನೂ ಆಗಿಂದ ನೋಡ್ತಾನೇ ಇದೀನಿ. ಯಾರ್ರೀ ನೀವು? ವಯಸ್ಸಿಗೆ ಬಂದ ಹುಡುಗಿ ಇರೋ ಮನೆ ಮುಂದೆ ಏನ್ ಕೆಲಸ?”

“ಅಯ್ಯೋ, ಖಂಡಿತ ಹುಡುಗೀನ ನೋಡ್ಲಿಲ್ಲ. ಅಜ್ಜೀನ ನೋಡ್ತಿದ್ದೆ” ಎಂದೆ. ಬೀದಿಗೆ ಬೀದಿಯೇ ಕೇಳುವಷ್ಟು ಜೋರಾಗಿಯೇ ಎಂದೆ.

ಜಗಲಿಯಿಂದ ಅಜ್ಜಿಯೇ ಕರೆದರು. “ಪಾಪ, ಬಿಡೋ ಅವನನ್ನ. ಬಾರಪ್ಪಾ ಇಲ್ಲಿ. ಬಂದಿದ್ದು ಬಂದೆ, ಐವತ್ತು ವರ್ಷ ಮುಂಚೆ ಬರೋಕೆ ಏನಾಗಿತ್ತು ನಿನಗೆ?”

ಬುಟ್ಟಿ

ಶ್ರೀನಿವಾಸಪುರದ ಮಾವಿನ ಮಂಡಿ. ಹಣ್ಣು ಆರಿಸುವವರನ್ನು ಮೂಲೆಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮಾತೆಲ್ಲ ನಿಂತಿತು. ಒಬ್ಬರು ಕುರ್ಚಿ ತಂದರು, ಇನ್ನೊಬ್ಬರು ಸೋಡಾ ತಂದರು. ಮಂಡಿಯ ಮಾಲೀಕರು ಒಂದು ಬುಟ್ಟಿ ಬಾದಾಮಿ ಮಾವು ತಂದು ಕಾಲ ಬಳಿ ಇಟ್ಟು, “ಮಕ್ಕಳಿಗೆ ಸಾರ್” ಎಂದು ಕೈ ಮುಗಿದರು. ಯಾವುದೋ ಇಲಾಖೆಯ ಸಾಹೇಬ ಎಂದುಕೊಂಡಿದ್ದಾರೆ ಎಂದು ಆಗಲೇ ಗೊತ್ತಾಯಿತು. ಹೇಳಬೇಕಿತ್ತು. ಆದರೆ ಹಣ್ಣಿನ ವಾಸನೆ ಹಾಗಿತ್ತು. ಬುಟ್ಟಿ ಎತ್ತಿಕೊಂಡು ಬಾಗಿಲ ತನಕ ಬಂದುಬಿಟ್ಟೆ.

“ಸಾರ್, ಏಮಿ ರಾಸ್ಕುನ್ನಾರೋ ಒಕಸಾರಿ ಚೂಡೊಚ್ಚಾ?” ಎಂದು ಅವರು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. ಏನು ಬರೆದುಕೊಂಡಿರಿ, ಒಂದು ಸಲ ನೋಡಬಹುದಾ ಎಂದು. ಇಲ್ಲ ಎನ್ನಲಾಗದೆ ಕೊಟ್ಟೆ. ಹಾಳೆ ತಿರುವಿದರು, ಮತ್ತೆ ತಿರುವಿದರು.

“ಬೊಮ್ಮಲಾ!”

“ಹೌದು, ಬರೀ ಚಿತ್ರ” ಎಂದೆ ಸಣ್ಣ ದನಿಯಲ್ಲಿ.

“ಹಂಗಾದ್ರೆ ಬುಟ್ಟಿ ಕೆಳಗಿಡಿ ಸಾರ್. ಅದ್ರ ಬೊಮ್ಮಾನೂ ಬರ್ಕೊಂಡು, ಆ ಬೊಮ್ಮಾನ ಆರಾಮಾಗಿ ತಗೊಂಡ್ ಹೋಗಿ.”

ಬರ್ಕೊಂಡಿದ್ದು

ಇದನ್ನು ಹೇಳುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮುಖಪುಟಕ್ಕೆ ಒಂದು ಮುಖ ಬೇಕಿತ್ತು. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಹತ್ತಿರ ಒಂದು ಮನೆ ಮುಂದೆ ಮೊರದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ ಕಂಡರು. ಒಂಟಿ ಜೀವ, ಮುಖದ ತುಂಬಾ ಗೆರೆ. ಎದುರಿಗೆ ಕೂತು, “ಅಜ್ಜೀ, ಸ್ವಲ್ಪ ಅಲ್ಲಾಡಬೇಡಿ, ನಿಮ್ಮನ್ನ ಬರ್ಕೋತಾ ಇದೀನಿ” ಎಂದೆ.

“ಬರ್ಕೋ ನಾಯನಾ, ಬರ್ಕೋ” ಎಂದು ಅವರು ಮೊರ ಹಿಡಿದು ಕಲ್ಲಾಗಿ ಕೂತರು. ಸ್ವಲ್ಪ ಹೊತ್ತಿಗೆ, “ಹೆಸ್ರು ಬೇಡ್ವಾ?” ಎಂದರು. ಚಿತ್ರದ ಕೆಳಗೆ ಹೆಸರು ಬರೆದೆ. “ಗಂಡ ತೀರ್ಕೊಂಡು ಹನ್ನೆರಡು ವರ್ಷ ಆಯ್ತು. ವಯಸ್ಸು ಎಪ್ಪತ್ತು ಅಂತ ಹಾಕು. ಪಿಂಚಣಿ ಯಾವಾಗಿಂದ ಬರುತ್ತೆ?”

ನಮ್ಮ ಭಾಷೆಯಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಪಟ್ಟಿಯನ್ನೂ ಬರೆಯುತ್ತೇವೆ. ಅಜ್ಜಿ ನನ್ನನ್ನು ಪಟ್ಟಿ ಬರೆಯುವವನು ಎಂದುಕೊಂಡಿದ್ದರು. ಆಗಲೇ ಹೇಳಬಹುದಿತ್ತು. ಮೂಗು ಮುಗಿದಿತ್ತು, ಕಣ್ಣು ಶುರುವಾಗಿತ್ತು, ಬೆಳಕು ಚೆನ್ನಾಗಿತ್ತು. “ನೋಡೋಣ ಅಜ್ಜಿ” ಎಂದೆ. ಆ ಎರಡು ಮಾತಿಗೆ ನನಗೆ ಕ್ಷಮೆಯಿಲ್ಲ.

ಚಿತ್ರ ಮುಗಿಸಲು ಮುಂದಿನ ಭಾನುವಾರ ಹೋದಾಗ ಒಗೆದ ಸೀರೆ ಉಟ್ಟು ಕಾಯುತ್ತಿದ್ದರು. ಅದರ ಮುಂದಿನ ವಾರ ಜಗಲಿಯ ಮೇಲೆ ಇನ್ನೂ ಐದು ಜನ ಮುದುಕಿಯರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಸಾಲಾಗಿ ಕೂತಿದ್ದರು. “ಇವ್ರನ್ನೂ ಬರ್ಕೋ ನಾಯನಾ. ಯಾರೂ ಅಲ್ಲಾಡಲ್ಲ, ನಾನು ಹೇಳಿಕೊಟ್ಟಿದೀನಿ.” ನಾಚಿಕೆಗೆಟ್ಟವನು ಐವರನ್ನೂ ಬರೆದುಕೊಂಡೆ. ಅಷ್ಟು ಅಲ್ಲಾಡದೆ ಕೂರುವವರು ಎಲ್ಲಿ ಸಿಗುತ್ತಾರೆ?

ಪುಸ್ತಕ ಬಂತು. ಮುಖಪುಟದಲ್ಲಿ ಅಜ್ಜಿ, ಒಳಗೆ ನನ್ನ ಹೆಸರು. ಸಂಪಾದಕಿಯಮ್ಮ, “ಇದು ನೋಡಿ ಬರೆದಿದ್ದು” ಎಂದು ಬೆನ್ನು ತಟ್ಟಿದರು. ಒಂದು ಪ್ರತಿ ಕೊಡೋಣವೆಂದು ಊರಿಗೆ ಹೋದರೆ ಅಜ್ಜಿ ಆಗಲೇ ಮುಳಬಾಗಿಲಿನ ತಾಲ್ಲೂಕು ಕಚೇರಿಗೆ ಎರಡು ಸಲ ಹೋಗಿ ಬಂದಿದ್ದರು. “ನನ್ನನ್ನ ಬರ್ಕೊಂಡ್ ಹೋಗಿದಾರೆ, ಹುಡುಕಿ ಅಂದೆ. ಪಾಪ, ಪಟ್ಟಿ ಎಲ್ಲಾ ಹುಡುಕಿದ್ರು. ಎಲ್ಲೂ ಇಲ್ವಂತೆ” ಎಂದರು. ನನ್ನ ಹೆಸರಿಗಾಗಿ ಅವರ ಹೆಸರು ಎಲ್ಲೂ ಇಲ್ಲದ ಹಾಗೆ ಮಾಡಿದ್ದೆ. ಅಲ್ಲೇ ಕೂತು, ಪುಸ್ತಕ ಕೈಗಿಟ್ಟು, ಅದು ಯಾರಿಗಾಗಿ ಮಾಡಿದ್ದು ಎಂಬುದನ್ನೂ ಸೇರಿಸಿ ನಿಜ ಹೇಳಿದೆ. ಅಜ್ಜಿ ಮುಖಪುಟವನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ, “ಹಂಗಾದ್ರೆ ಈಗ ಕಚೇರಿಗೆ ಬಂದು ಬರೀ” ಎಂದರು.

ಮಾರನೆಯ ದಿನ ರಜೆ ಹಾಕಿ ಕರೆದುಕೊಂಡು ಹೋದೆ. ಮಿಕ್ಕ ಐವರೂ ಬಂದು ಕಚೇರಿಯ ಬೆಂಚಿನ ಮೇಲೆ ಅಲ್ಲಾಡದೆ ಕೂತರು. ಗುಮಾಸ್ತರು ಅರ್ಜಿಯ ಫಾರಂ ಕೊಟ್ಟು, “ಫೋಟೋ?” ಎಂದರು. ಅಜ್ಜಿ ಸೆರಗಿನಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. “ಇಗೋ ಸಾಮಿ, ನಾನೇ.”

ಗುಮಾಸ್ತರು ನಗು ತಡೆದುಕೊಂಡು ಫೋಟೋ ಆಮೇಲೆ ತನ್ನಿ ಎಂದರು. ನಾನು ಬರೆಯಲು ಕೂತೆ. ಆರು ಜನವೂ ನನ್ನ ಪೆನ್ನನ್ನೇ ನೋಡುತ್ತಿದ್ದರು. ಗಂಡನ ಹೆಸರಿನ ಜಾಗದಲ್ಲಿ ಊರಿನ ಹೆಸರು ಬರೆದೆ. ಇನ್ನೊಂದು ಫಾರಂ ಕೊಟ್ಟರು. ಅದರಲ್ಲಿ ಅಜ್ಜಿಯ ವಯಸ್ಸಿನ ಜಾಗದಲ್ಲಿ ನನ್ನ ವಯಸ್ಸು ಬರೆದೆ.

ಅಜ್ಜಿ ಫಾರಂ ಕಿತ್ತುಕೊಂಡು ಗುಮಾಸ್ತರಿಗೇ ಕೊಟ್ಟರು. “ನೀವೇ ಬರೀರಿ ಸಾಮಿ. ಇವನಿಗೆ ಬರೆಯೋಕೆ ಬರಲ್ಲ. ಮೂರು ಭಾನುವಾರ ಕೂರಿಸ್ಕೊಂಡು ಬರ್ದ, ಒಂದಕ್ಷರ ಆದ್ರೂ ಇದೆಯಾ ನೋಡಿ!”

ಕಚೇರಿಯೆಲ್ಲ ನಕ್ಕಿತು. ಗುಮಾಸ್ತರು ಅಜ್ಜಿಯದನ್ನೂ ಆ ಐವರದನ್ನೂ ತಾವೇ ತುಂಬಿದರು. ಹೊರಗೆ ಬಂದ ಮೇಲೆ ಅಜ್ಜಿ ನನ್ನ ಮುಖ ನೋಡಿದರು. ಕರುಣೆ ಬಂತೇನೋ, ನಾನೇ ಕೊಟ್ಟಿದ್ದ ಪುಸ್ತಕವನ್ನು ವಾಪಸ್ ನನ್ನ ಕೈಗಿಟ್ಟರು.

“ದೊಡ್ಡೋರಾದ್ಮೇಲೆ ಅಕ್ಷರ ಕಲಿಯೋರಿಗೆ ಅಂತ ಮಾಡಿರೋ ಪುಸ್ತಕ ಅಂತೆ ನಾಯನಾ. ನೀನೇ ಇಟ್ಕೋ. ಇನ್ನೂ ವಯಸ್ಸಿದೆ, ಕಲ್ತ್ಕೋ.”