ಹಿಮದ ಪರದೆ, ಅಬ್ಬಿಯ ಪರದೆ

ಕ್ಯಾಮೆರಾ ಹಿಡಿದವನು ತನ್ನ ಪಾಡಿಗೆ ತಾನಿದ್ದರೂ ನಗೆಪಾಟಲು ವಿಳಾಸ ಕೇಳಿಕೊಂಡು ಬರುತ್ತದೆ. ತೀರ್ಥಹಳ್ಳಿಯಲ್ಲಿ ಸ್ಟುಡಿಯೊ ತೆರೆದ ಮೇಲೆ ನನಗಂತೂ ಇದು ಅಭ್ಯಾಸವಾಗಿಬಿಟ್ಟಿದೆ. ಆದರೆ ಕಳೆದ ವಸಂತದಲ್ಲಿ ಒಂದು ಜಲಪಾತದ ಬೆನ್ನು ಹತ್ತಿ ಪಟ್ಟ ಪಾಡು ಬೇರೆಯದೇ.

ಸ್ವಿಟ್ಜರ್ಲೆಂಡಿನಲ್ಲಿ ಪಂಚೆ

ನನ್ನ ಸ್ಟುಡಿಯೊದಲ್ಲಿ ಗಿರಾಕಿಗಳ ಹಿಂದೆ ಇಳಿಬಿಡಲು ಒಂದು ಪರದೆಯಿತ್ತು. ಅದರ ತುಂಬ ಸ್ವಿಟ್ಜರ್ಲೆಂಡಿನ ಹಿಮದ ಗುಡ್ಡ. ಪಂಚೆ ಉಟ್ಟವರು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ತಂದವರು, ಎಲ್ಲರೂ ಆ ಹಿಮದಲ್ಲೇ ನಿಲ್ಲುತ್ತಿದ್ದರು.

ಒಂದು ದಿನ ಜೋಗದಲ್ಲಿ ಕರೆಂಟಿನ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಹೆಂಡತಿಯ ಜೊತೆ ಬಂದರು. ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

"ಈ ಸೀಮೇಲಿ ಎಲ್ಲಿ ನೋಡಿದ್ರೂ ನೀರು ಬೀಳ್ತದೆ. ನೀವು ನಮ್ಮನ್ನ ಹಿಮದಲ್ಲಿ ನಿಲ್ಲಿಸ್ತೀರಿ. ಹೋಗ್ಲಿ, ಒಂದು ಸ್ವೆಟರ್ ಆದ್ರೂ ಕೊಡಿ ಮಾರಾಯ್ರೆ."

ಮಾತು ಚುಚ್ಚಿತು. ನಮ್ಮ ಕಾಡಿನ ಜಲಪಾತವನ್ನೇ ತೆಗೆದು ಪರದೆ ಮಾಡಿಸುತ್ತೇನೆ, ಈ ಊರಿನವರು ಅದರ ಮುಂದೆ ಎದೆ ಸೆಟೆಸಿ ನಿಲ್ಲಬೇಕು ಎಂದು ಅಂದೇ ಹಟ ತೊಟ್ಟೆ. ನನ್ನ ಹೆಂಡತಿ ತಣ್ಣಗೆ ಹೇಳಿದಳು: "ಒಬ್ಬರಾದ್ರೂ ಅದೇ ಬೇಕು ಅಂತ ಬಾಯಿಬಿಟ್ಟು ಕೇಳಿದ ದಿನ ನನಗೆ ಹೇಳಿ."

ಜುಲೈಗೆ ಬನ್ನಿ

ಮದುವೆಗಳ ಕಾಲ. ಎರಡು ಮದುವೆಗಳ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಮೇಗರವಳ್ಳಿ ಕಡೆ ಹೊರಟೆ. ಅಲ್ಲಿನ ಕಾಡೊಳಗೆ ಒಂದು ಸಣ್ಣ ಅಬ್ಬಿ ಇದೆ, ಅಂದರೆ ಜಲಪಾತ. ವಸಂತದಲ್ಲಿ ಸುತ್ತಲ ಮರಗಳೆಲ್ಲ ಕೆಂಪು ಚಿಗುರು ಬಿಡುತ್ತವೆ. ನನಗೆ ಬೇಕಾಗಿದ್ದು ಅದೇ. ಚಾದಂಗಡಿಯವರನ್ನು ದಾರಿ ಕೇಳಿದೆ.

"ಈಗೆಂತ ಇದೆ ಅಲ್ಲಿ? ಜುಲೈಗೆ ಬನ್ನಿ."

"ಜುಲೈಯಲ್ಲಿ ಚೆನ್ನಾಗಿ ಕಾಣುತ್ತಾ?"

"ಜುಲೈಯಲ್ಲಿ ಮಂಜು, ಮಳೆ. ಎಂತದೂ ಕಾಣಾದಿಲ್ಲ" ಎಂದು ಅವರು ಚಾ ಮುಂದಿಟ್ಟರು. "ಆದ್ರೆ ನೀರು ಇರ್ತದೆ."

ಅಲುಗಿದ ನೀರು

ಅಬ್ಬಿ ಸಿಕ್ಕಿತು. ತೆಳ್ಳಗೆ, ಅಚ್ಚುಕಟ್ಟಾಗಿ ಇಳಿಯುತ್ತಿತ್ತು. ದೊಡ್ಡ ದೊಡ್ಡ ಛಾಯಾಗ್ರಾಹಕರು ಮಾಡುವಂತೆ ಶಟರನ್ನು ನಿಧಾನ ಮಾಡಿ ತೆಗೆದೆ. ನೀರು ಹಾಲಿನಂತೆ ಬಂತು. ಕುಣಿದಾಡುವಷ್ಟು ಖುಷಿಯಾಗಿ ಮನೆಗೆ ಬಂದು ಹೆಂಡತಿಗೆ ತೋರಿಸಿದೆ.

"ಅಲುಗಿದೆ" ಅಂದಳು.

ಇಷ್ಟು ವರ್ಷ ಫೋಟೊ ತೆಗೆದವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. "ಅಲುಗಿಲ್ಲ. ಬಂಡೆ ನೋಡು, ಎಷ್ಟು ಸ್ಪಷ್ಟವಾಗಿದೆ. ನೀರು ಹರಿಯುತ್ತಲ್ಲ, ಅದಕ್ಕೇ ಹಾಗೆ."

"ಮದುವೆಮನೇಲಿ ಎಲ್ಲರಿಗೂ ಅಲುಗಬೇಡಿ, ಅಲುಗಬೇಡಿ ಅಂತ ಗಂಟಲು ಹರ್ಕೊಳ್ತೀರಿ. ಇದಕ್ಕೂ ಒಂದು ಮಾತು ಹೇಳಬೇಕಿತ್ತು."

ಮರುದಿನ ಬಂದ ಗಿರಾಕಿಗಳೂ ಅದನ್ನೇ ಅಂದರು. ಸರಿ, ನೀರಿನ ಹನಿಹನಿಯನ್ನೂ ಎಣಿಸುವ ಹಾಗೆ ಇನ್ನೊಮ್ಮೆ ತೆಗೆಯುವುದೇ ಎಂದುಕೊಂಡೆ.

ಅಬ್ಬಿಗೆ ಎಂತಕ್ಕೆ ನೀರು?

ಮತ್ತೆ ಬಿಡುವು ಸಿಗುವಷ್ಟರಲ್ಲಿ ಬಿಸಿಲು ಏರಿತ್ತು. ಹೋಗಿ ನೋಡಿದರೆ ಅಬ್ಬಿಯಲ್ಲಿ ನೀರೇ ಇಲ್ಲ. ಒಣಗಿದ ಬಂಡೆಯ ಮೇಲೆ ಓತಿಕ್ಯಾತವೊಂದು ಬಿಸಿಲು ಕಾಯಿಸುತ್ತ ನನ್ನನ್ನೇ ನೋಡಿ ತಲೆಯಾಡಿಸುತ್ತಿತ್ತು.

ಬರಿಗೈಯಲ್ಲಿ ಹಿಂತಿರುಗುವ ಆಸಾಮಿ ನಾನಲ್ಲ. ಬೇರು ಹಿಡಿದು ಮೇಲೆ ಹತ್ತಿದೆ. ಯಾರೋ ಹಳ್ಳಕ್ಕೆ ಕಲ್ಲು ಮಣ್ಣಿನ ಕಟ್ಟ ಹಾಕಿ, ನೀರಿಗೆ ಪೈಪು ಇಟ್ಟಿದ್ದರು. ಪೈಪಿನ ಜೊತೆಗೇ ನಡೆದು ಒಂದು ಮನೆಯಂಗಳ ತಲುಪಿದೆ. ಅಲ್ಲಿ ಅಜ್ಜಿಯೊಬ್ಬರು ಪಾತ್ರೆ ತೊಳೆಯುತ್ತಿದ್ದರು.

"ಅಜ್ಜಿ, ಅರ್ಧ ಗಂಟೆ ನೀರು ಬಿಡ್ತೀರಾ?"

"ಯಾರಿಗೆ?"

"ಅಬ್ಬಿಗೆ."

"ಅಬ್ಬಿಗೆ ಎಂತಕ್ಕೆ ನೀರು?"

ಫೋಟೊದ ಕಥೆಯನ್ನೆಲ್ಲ ಹೇಳಿದೆ. ಅಜ್ಜಿ ಯೋಚಿಸಿದರು. "ಆಯ್ತು. ನಮ್ಮನೆಯವರದೆಲ್ಲ ಒಂದು ಫೋಟೊ ನಿಮ್ಮ ಸ್ಟುಡಿಯೋದಲ್ಲಿ ತೆಗೆದುಕೊಡಬೇಕು. ಹಿಂದೆ ಚಂದದ ಸೀನರಿ ಇರಬೇಕು."

"ಇರುತ್ತೆ ಅಜ್ಜಿ, ನೀವೇ ಬೆರಗಾಗ್ತೀರಿ" ಅಂದೆ.

ಅವರ ಮಗ ಗುದ್ದಲಿ ತಂದು ಕಟ್ಟ ಒಡೆದರು. ನಾನು ಕೆಳಗೆ ಓಡಿದೆ. ಮೊದಲು ತರಗೆಲೆ ಬಂತು, ಆಮೇಲೆ ಕೆಸರು, ಕೊನೆಗೆ ಕನ್ನಡಿಯಂಥ ನೀರು. ಕೆಂಪು ಚಿಗುರಿನ ನಡುವೆ ಒಂದೊಂದು ಹನಿಯೂ ಕ್ಯಾಮೆರಾಕ್ಕೆ ಸಿಕ್ಕಿತು. ಸುಖ ಅಂದರೆ ಅದು. ಅಷ್ಟರಲ್ಲಿ ಮೇಲಿನಿಂದ ಅಜ್ಜಿಯ ದನಿ ಬಂತು.

"ಮುಗೀತನಾ? ಪಾತ್ರೆಗೆ ಬೂದಿ ಹಚ್ಚಿ ಇಟ್ಟು ಬಂದೀನಿ."

ಅಜ್ಜಿಯ ಸೀನರಿ

ಶಿವಮೊಗ್ಗದಲ್ಲಿ ಪ್ರಿಂಟಾಗಿ ಹೊಸ ಪರದೆ ಬಂತು. ಹಳೆಯದನ್ನು ಹೆಂಡತಿ ಹಿತ್ತಲಿನ ಕೋಳಿಗೂಡಿಗೆ ಹೊದಿಸಿದಳು. ಗಿರಾಕಿಗಳು ಬಂದರು, ಅಬ್ಬಿಯ ಮುಂದೆ ನಿಂತರು, ಹೋದರು. ಯಾರೂ ಏನೂ ಅನ್ನಲಿಲ್ಲ. ಹೆಂಡತಿ ಮಾತ್ರ ದಿನಾ ಸಂಜೆ "ಯಾರಾದ್ರೂ ಕೇಳಿದ್ರಾ?" ಅನ್ನುತ್ತಿದ್ದಳು.

ಏಪ್ರಿಲ್ಲಿನ ಸೆಖೆಯಲ್ಲಿ ಒಂದು ದಿನ ಅಜ್ಜಿ ಬಂದೇಬಿಟ್ಟರು. ಜೊತೆಗೆ ಮಗ, ಸೊಸೆ, ಮೊಮ್ಮಕ್ಕಳು, ಒಂದು ದಪ್ಪ ಚೀಲ. ಹೆಂಡತಿಯನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನು ಗತ್ತಿನಿಂದ ಪರದೆ ಇಳಿಬಿಟ್ಟೆ.

"ನಮ್ಮ ಅಬ್ಬಿ ಅಲ್ದಾ ಇದು?"

"ಹೌದು ಅಜ್ಜಿ. ನೀವೇ ಬಿಟ್ಟ ನೀರು."

"ಲಾಯ್ಕಿದೆ" ಅಂದರು. ಆದರೆ ಒಬ್ಬರೂ ಮುಂದೆ ಬಂದು ನಿಲ್ಲಲಿಲ್ಲ.

"ಬನ್ನಿ, ನಿಲ್ಲಿ."

"ಇದರ ಮುಂದೆ ನಿಲ್ಲಾಕೆ ಬಸ್ಸು ಹತ್ತಿ ಬರಬೇಕಿತ್ತಾ? ದಿನಾ ಇದರ ನೀರಲ್ಲೇ ಪಾತ್ರೆ ತೊಳಿತೀನಿ. ನಿಮ್ಮಲ್ಲಿ ಹಿಮದ ಗುಡ್ಡ ಇದೆಯಂತಲ್ಲ, ನಮ್ಮ ನೆಂಟರ ಫೋಟೊದಲ್ಲಿ ಕಂಡಿದ್ದೆ. ಅದನ್ನ ಹಾಕಿ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಕೋಳಿಗಳನ್ನು ಓಡಿಸಿ ಸ್ವಿಟ್ಜರ್ಲೆಂಡನ್ನು ಎತ್ತಿಕೊಂಡು ಬಂದಳು. ಎಷ್ಟು ಒರೆಸಿದರೂ ಗುಡ್ಡದ ತುಂಬ ಕೋಳಿ ಹಿಕ್ಕೆಯ ಬಿಳಿ ಕಲೆ ಉಳಿಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಜ್ಜಿ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಹಿಮ ಈಗಷ್ಟೇ ಬಿದ್ದಂಗಿದೆ ಕಣೆ. ಚೀಲದಿಂದ ಸ್ವೆಟರ್ ತೆಗಿ."