ಬಲ್ಬಿನ ಸುತ್ತ ಏಳು ಬಣ್ಣದ ಬಳೆ

ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದ್ದರಿಂದ, ಈ ಬರಹದ ದೋಷಗಳನ್ನು ತಿದ್ದಿಕೊಡಲು ಮನೆಯಲ್ಲಿ ಯಾರೂ ಇಲ್ಲ. ಓದುಗರು ದಯವಿಟ್ಟು ಸೈರಿಸಿಕೊಳ್ಳಬೇಕು. ವಿಷಯ ಇಷ್ಟೇ: ನನ್ನ ಸೋದರಮಾವ ಇದುವರೆಗೆ ಯಾವ ಕಿಟಕಿಯ ಮೂಲಕವೂ ಹೊರಗೆ ನೋಡಿದವರಲ್ಲ. ಅವರು ನೋಡುವುದು ಕಿಟಕಿಯ ಗಾಜನ್ನು ಮಾತ್ರ!

ತರೀಕೆರೆಯಲ್ಲಿ ಅವರದು ಗಾಜು, ಕನ್ನಡಿ, ಫೋಟೋ ಫ್ರೇಮಿನ ಅಂಗಡಿ. ನನ್ನ ಅಣ್ಣನಿಗೆ ಹೆಣ್ಣು ನೋಡಲು ದೇವನೂರಿಗೆ ಹೋದಾಗ, ಹುಡುಗಿ ಬಂದು ಕುಳಿತರೂ ಇವರ ದೃಷ್ಟಿ ಅವಳ ಹಿಂದಿನ ಕಿಟಕಿಯ ಗಾಜಿನ ಮೇಲೆ. "ಹೆಂಗೈತಣ್ಣಾ?" ಎಂದು ಅಮ್ಮ ಪಿಸುಗುಟ್ಟಿದರೆ, "ಉಲ್ಟಾ ಕೂರ್ಸವ್ರೆ ಕಣೇ, ತೆಗ್ದು ತಿರುಗ್ಸಿ ಕೂರಿಸ್ಬೇಕು" ಎಂದು ಗಟ್ಟಿಯಾಗಿಯೇ ಹೇಳಿಬಿಡುವುದೇ? ತನ್ನನ್ನೇ ಅಂದರೆಂದು ಹುಡುಗಿ ಗಾಬರಿಯಿಂದ ಎದ್ದು ನಿಂತಳು! ಮಾವ ಆ ಗಾಜನ್ನು ತಾವೇ ಸರಿಪಡಿಸಿಕೊಟ್ಟ ಮೇಲೆಯೇ ಸಂಬಂಧ ಕುದುರಿದ್ದು.

ಇಂಥವರ ಕೈಗೆ ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಸಿಕ್ಕಿತು. ಬಿಳಿಯ ಬೆಳಕು ಗಾಜಿನೊಳಗೆ ಹಾಯುವಾಗ ಒಂದೊಂದು ಬಣ್ಣವೂ ಒಂದೊಂದು ಪ್ರಮಾಣದಲ್ಲಿ ಬಾಗುತ್ತದೆ. ಅದನ್ನು ಲೆಕ್ಕ ಹಾಕಿ, ಬಣ್ಣಗಳು ಚೆದುರುವ ಚಿತ್ರವನ್ನು ಕಂಪ್ಯೂಟರಿನಲ್ಲಿ ಮೂಡಿಸಬೇಕಿತ್ತು. ಇದರಲ್ಲಿ ಫೇಲಾದರೆ ಪದವಿಯಿಲ್ಲ. ಗಾಜಿನ ವಿಷಯವಲ್ಲವೇ ಎಂದು ಅಜ್ಜಂಪುರದಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಮಾವನ ಅಂಗಡಿಗೇ ಹೋದೆ.

ಚಿತ್ರದಲ್ಲಿ ಒಂದು ಬಲ್ಬು, ಅದರ ಪಕ್ಕ ಅಂಚು ಸಾಣೆ ಹಿಡಿದ ಒಂದು ಗಾಜು. ಮಾವ ಬಗ್ಗಿ ನೋಡಿದರು.

"ಗಾಜು ಪರವಾಗಿಲ್ಲ. ಬಲ್ಬು ಸುಳ್ಳು."

"ಯಾಕೆ ಮಾವ?"

"ಸುತ್ತ ಏಳು ಬಣ್ಣದ ಬಳೆ ಎಲ್ಲೈತವ್ವಾ? ಸಂಜೆ ದೀಪ ಹಾಕಿದ್ರೆ ಕಾಣ್ತೈತಲ್ಲ!"

"ನಂಗೆ ಕಾಣಲ್ವಲ್ಲ ಮಾವ."

"ಮೊಬೈಲ್ ನೋಡೀ ನೋಡೀ ನಿನ್ ಕಣ್ಣು ಹೋಗವೆ ಕಣೇ! ನಲವತ್ತು ವರ್ಷ ಗಾಜು ಕೊಯ್ದೋನು ನಾನೋ, ನೀನೋ?"

ತಪ್ಪಾದೀತೆಂಬ ಭಯ ನನಗೆ ಹುಟ್ಟಿನಿಂದಲೇ ಬಂದದ್ದು. ಎರಡು ದಿನ ಲೆಕ್ಕ ಹಾಕಿ ಬಳೆ ಬರೆದೆ. "ಕೆಂಪು ಹೊರಗೆ, ನೀಲಿ ಒಳಗೆ!" ಎಂದು ಮಾವ ಪಕ್ಕದಲ್ಲೇ ಕುಳಿತು ಹೇಳಿಕೊಟ್ಟರು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕನ್ನಡಕ ಏರಿಸಿದರು. "ಗಾಜಿರೋದು ಪಕ್ಕದಲ್ಲಿ, ಬಲ್ಬಿನ ಮುಂದೆ ಗಾಜೇ ಇಲ್ಲ. ಈ ಬಳೆ ಎಲ್ಲಿಂದ ಬಂತಮ್ಮಾ?"

"ಸರ್, ನಮ್ಮ ಮಾವನಿಗೆ ಕಾಣುತ್ತೆ ಸರ್."

ಸಹಪಾಠಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಗಿಯಿತು ನನ್ನ ಪದವಿ! ಆದರೆ ಪರೀಕ್ಷಕರು ಮಾತ್ರ ನಗಲಿಲ್ಲ. "ನಮ್ಮ ತಾಯಿಗೂ ಹೀಗೇ ಕಾಣ್ತಿತ್ತು. ನಾವೂ ನಕ್ಕು ಸುಮ್ಮನಾಗಿದ್ವಿ. ಮೊದಲು ಅವರನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಮ್ಮ. ಮಾರ್ಕ್ಸು ಆಮೇಲೆ" ಎಂದರು.

ಮರುದಿನವೇ ಕಡೂರಿನ ವೈದ್ಯರಿಗೆ ತೋರಿಸಿದೆವು. ಕಣ್ಣಿನೊಳಗೆ ಒತ್ತಡ ಏರಿತ್ತು; ಬಳೆ ಕಾಣುತ್ತಿದ್ದುದು ಅದರಿಂದಲೇ. ಎಡಗಣ್ಣಿನಲ್ಲಿ ಕಳೆದುಹೋದ ನೋಟ ಮರಳದೆಂದೂ, ಉಳಿದದ್ದನ್ನು ಕಾಪಾಡಬಹುದೆಂದೂ ವೈದ್ಯರು ತಿಳಿಸಿದರು. ಚಿಕಿತ್ಸೆಯಾದ ಮೇಲೆ ಒಂದು ಸಂಜೆ ಮಾವ ಅಂಗಡಿಯ ದೀಪ ಹಾಕಿ, ಬಹಳ ಹೊತ್ತು ನೋಡುತ್ತ ನಿಂತರು.

"ಬರೀ ಬಲ್ಬು ಕಣವ್ವಾ" ಎಂದರು. "ಎಲ್ರಿಗೂ ಅಷ್ಟು ಚೆಂದ ಕಾಣ್ತೈತೆ ಅನ್ಕಂಡಿದ್ದೆ."

ನಾನು ಪಾಸಾದೆ. ಒಡಹುಟ್ಟಿದವರೂ ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದರಿಂದ ಅಮ್ಮನ ಕಣ್ಣನ್ನೂ ತೋರಿಸಿದೆವು. ಅವರಿಗೂ ಅದೇ ಒತ್ತಡ ಶುರುವಾಗಿತ್ತು, ಈಗ ಹತೋಟಿಯಲ್ಲಿದೆ. ಅಣ್ಣತಂಗಿ ಇಬ್ಬರೂ ದಿನವೂ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾರೆ. ಅಂಗಡಿಯಲ್ಲಿ ಈಗ ಗಾಜು ಕೊಯ್ಯುವವರು ಅತ್ತೆ. ಮಾವ ಪಕ್ಕದಲ್ಲಿ ನಿಂತು ಅಳತೆ ಹೇಳುತ್ತಾರೆ.