ಕಾರಿನ ಚಕ್ರಕ್ಕೆ ಕಾವಲಿ ಎಣ್ಣೆ

ನಾನು ಅಜ್ಜಿಯಾದೆ! ಹೆಣ್ಣು ಕೂಸು. ಮೂಗು ನನ್ನದೇ. ಇಸಳೂರಿನಲ್ಲಿ ಹೇಳಬೇಕಾದವರಿಗೆಲ್ಲ ಹೇಳಿಯಾಯಿತು, ಕೇಳದವರಿಗೂ ಹೇಳಿಯಾಯಿತು. ಉಳಿದವರು ನೀವೇ.

ಮಗಳನ್ನೂ ಕೂಸನ್ನೂ ಶಿರಸಿಯ ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ. ಮೂರು ಗಂಟೆಗೆ ರಾಹುಕಾಲ, ಅದರೊಳಗೆ ಕೂಸು ಹೊಸಿಲು ದಾಟಬೇಕು. ಬರುವುದಾದರೆ ನನ್ನ ಮಡಿಲಲ್ಲೇ ಬರಬೇಕು ಎಂದು ಎಲ್ಲರಿಗೂ ತಾಕೀತು ಮಾಡಿದ್ದೆ. ಎರಡು ದಿನ ನಿದ್ದೆಗೆಟ್ಟಿದ್ದ ಅಳಿಯ ಅಂಗಳದಲ್ಲಿ ಕಾರು ನಿಲ್ಲಿಸಿ, ತಿಂಡಿ ತಿಂದು ಮಲಗಿಬಿಟ್ಟ.

ನಾನು ಕಾರನ್ನು ನೋಡಿದೆ. ಮೈ ಹಾಲಿನಂತೆ ಬಿಳಿ. ಚಕ್ರಗಳು ಮಾತ್ರ ಬಚ್ಚಲೊಲೆಯ ಹಂಡೆಯ ತಳದ ಹಾಗೆ. ನನ್ನ ಮೊಮ್ಮಗಳ ಮೊದಲ ಮೆರವಣಿಗೆ ಇದರಲ್ಲೇ?

"ಅದು ಬ್ರೇಕ್ ಸವೆದ ಪುಡಿ. ಉಜ್ಜಿದ್ರೂ ಹೋಗ್ತಿಲ್ಲೆ. ಸುಮ್ನೆ ಕೂತ್ಕ," ಎಂದರು ನಮ್ಮನೆಯವರು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಮಸಿ ತಿಕ್ಕುವುದರಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ.

ಸಾಬೂನು ಹಾಕಿದೆ. ಅಲುಗಲಿಲ್ಲ. ಬಾಣಂತಿಯ ಸ್ನಾನಕ್ಕೆಂದು ಕುಟ್ಟಿಟ್ಟ ಸೀಗೆಪುಡಿ ಹಾಕಿದೆ. ಕಪ್ಪಿದ್ದದ್ದು ಶಾಯಿಯಾಯಿತು! ಕೊನೆಗೆ ದೇವರ ದೀಪಕ್ಕೆ ಮಾಡುವಂತೆ ಹುಣಸೆಹುಳಿ, ಬೂದಿ, ತೆಂಗಿನ ನಾರು. ಮಸಿ ಹೋಯಿತು. ಜೊತೆಗೆ ಒಂದಿಷ್ಟು ಬಣ್ಣವೂ ಹೋಯಿತು. ಅದನ್ನು ನಾನು ದೊಡ್ಡದು ಮಾಡಲಿಲ್ಲ.

ಆಗ ಮುಂದಿನ ಚಕ್ರದ ಸಂದಿಯಲ್ಲಿ ಕಂಡಿತು, ಒಳಗೊಂದು ಕಬ್ಬಿಣದ ತಟ್ಟೆ. ನಮ್ಮ ದೋಸೆ ಕಾವಲಿಯಷ್ಟೇ ಅಗಲ. ನಾನು ಸುರಿದ ನೀರಿಗೆ ಆಗಲೇ ಕೆಂಪಗೆ ತುಕ್ಕು ಏಳುತ್ತಿತ್ತು. ಕಾವಲಿ ತೊಳೆದ ಮೇಲೆ ಎಣ್ಣೆ ಸವರದೆ ಬಿಡುವವಳೂ ಒಂದು ಹೆಂಗಸೇ? ಕೋಲಿಗೆ ಬಟ್ಟೆ ಸುತ್ತಿ, ಎರಡೂ ಕಡೆಯ ತಟ್ಟೆಗಳಿಗೆ ಕೊಬ್ಬರಿ ಎಣ್ಣೆಯ ಅಭ್ಯಂಜನ ಮಾಡಿಸಿದೆ. ಬಾಟಲಿ ಖಾಲಿಯಾಯಿತು. ಮನಸ್ಸು ತುಂಬಿತು.

ಅಳಿಯ ಎದ್ದು ಬಂದ. ನಾನು ಮಡಿಲು ಸಜ್ಜುಮಾಡಿಕೊಂಡು ಹಿಂದೆ ಕುಳಿತೆ. ನಮ್ಮ ಅಂಗಳ ರಸ್ತೆಯ ಕಡೆಗೆ ಇಳಿಜಾರು. ಕಾರು ಹೊರಟಿತು. ಗೇಟಿನ ಹತ್ತಿರ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

"ಬ್ರೇಕ್ ಹಿಡೀತಾ ಇಲ್ಲೆ ಅತ್ತೆ!"

ಕಾರು ಮದುವೆಗೆ ಹೊರಟ ಯಜಮಾನರಂತೆ ನಿಧಾನಕ್ಕೆ ರಸ್ತೆ ದಾಟಿ, ಎದುರಿನವರು ಮನೆ ಕಟ್ಟಲು ಹಾಕಿಸಿದ್ದ ಮರಳಿನ ರಾಶಿಯಲ್ಲಿ ಮೂತಿ ಹುಗಿದು ನಿಂತಿತು.

ಫೋನು ಮಾಡಿದ ಮೇಲೆ ಎಕ್ಕಂಬಿಯಿಂದ ಮೆಕ್ಯಾನಿಕ್ ಬಂದ. ಬಗ್ಗಿದ, ತಟ್ಟೆ ಮುಟ್ಟಿದ, ಬೆರಳು ಮೂಸಿದ.

"ಯಾರ್ರೀ ಇದಕ್ಕ ಕೊಬ್ರಿ ಎಣ್ಣಿ ಹಚ್ಚಿದವ್ರು?"

ನಮ್ಮನೆಯವರು ಆಕಾಶ ನೋಡಿದರು.

"ಆನೇಯ," ಎಂದು ಒಪ್ಪಿಕೊಂಡೆ. "ತುಕ್ಕು ಹಿಡೀತಿತ್ತು."

"ಅಮ್ಮಾರ, ಬ್ರೇಕ್ ಈ ತಟ್ಟೀನ ಗಟ್ಟಿ ಹಿಡದ್ರ ಗಾಡಿ ನಿಲ್ತೈತ್ರಿ. ನೀವು ಜಾರಬಂಡಿ ಮಾಡೀರಿ."

ಅಳಿಯ ಕಾರಿನ ಹತ್ತಿರ ಉಳಿಯಬೇಕಾಯಿತು. ನನ್ನ ಮೈಯೆಲ್ಲ ಬೂದಿ, ಎಣ್ಣೆ, ಮರಳು. ನಮ್ಮನೆಯವರು ಒಬ್ಬರೇ ಆಟೋ ಹತ್ತಿ ಹೋದರು. ಮೂರಕ್ಕೆ ಹತ್ತು ನಿಮಿಷ ಇರುವಾಗ ಬಂದರು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೂಸನ್ನು ತಮ್ಮ ಮಡಿಲಲ್ಲಿಟ್ಟುಕೊಂಡು. ಇಷ್ಟು ವರ್ಷ ಒಂದು ಕೊಡ ನೀರು ಎತ್ತದವರ ಮಡಿಲು!

ಆರತಿ ಎತ್ತುತ್ತಲೇ ಆಟೋದ ಚಕ್ರ ನೋಡಿದೆ. ಮಸಿ, ಕೆಸರು, ಸಗಣಿ. ಬಾಗಿಲ ಮುಂದೆ ಮಾತ್ರ ಸರಿಯಾಗಿ ನಿಂತಿತ್ತು.

ಸಂಜೆ ಬಾಣಂತಿಗೆ ಸಾರನ್ನ, ಉಳಿದವರಿಗೆ ದೋಸೆ. ಮೆಕ್ಯಾನಿಕ್‌ನನ್ನೂ ಕೂರಿಸಿದೆವು. ಕಾವಲಿ ಕಾದ ಮೇಲೆ ನೆನಪಾಯಿತು, ಮನೆಯಲ್ಲಿ ಹನಿ ಎಣ್ಣೆ ಇಲ್ಲ. ಇದ್ದದ್ದೆಲ್ಲ ಕಾರು ಕುಡಿದಿತ್ತು. ಹೊಯ್ದ ದೋಸೆ ಏಳಲೇ ಇಲ್ಲ. ಸಟ್ಟುಗ ಬಾಗಿತು, ದೋಸೆ ಜಗ್ಗಲಿಲ್ಲ.

ಅಳಿಯ ಇಣುಕಿ ನೋಡಿದ. "ಅತ್ತೆ, ಬ್ರೇಕ್ ಅಂದ್ರೆ ಹೀಗೆ ಹಿಡೀಬೇಕು."

ಮಗಳು ನನ್ನ ಎರಡೂ ಕೈ ಮೂಸಿ ನೋಡಿ, ಆಮೇಲೆ ಕೂಸನ್ನು ಮಡಿಲಿಗೆ ಹಾಕಿದಳು. ಸಟ್ಟುಗ ನಮ್ಮನೆಯವರ ಕೈಗೆ ಹೋಯಿತು. ಅವರು ಕೆರೆದು ಕೊಟ್ಟ ಚೂರುಗಳನ್ನೇ ದೋಸೆಯೆಂದುಕೊಂಡು ಎಲ್ಲರೂ ಒಟ್ಟಿಗೆ ತಿಂದೆವು.